ನನ್ನ ಪಿನ್‌ಬಾಲ್ ಯಂತ್ರಕ್ಕೆ ನಾಲ್ಕು ಬೆಲೆ

ಎರಡು ವರ್ಷ ಗ್ಯಾರೇಜಿನಲ್ಲಿ ಕಾರಿನ ಜಾಗ ಹಿಡಿದಿದ್ದ ಪಿನ್‌ಬಾಲ್ ಯಂತ್ರವನ್ನು, ಅಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದು ಆಡುವ ಯಂತ್ರವನ್ನು, ಈ ಬೇಸಿಗೆಯಲ್ಲಿ ಮಾರಿದೆ. ಬ್ಯಾಲಿ ಕಂಪನಿಯ 'ಎಯ್ಟ್ ಬಾಲ್ ಡಿಲಕ್ಸ್', 1981ರದು. ಕೆಟ್ಟು ಮೂಲೆ ಸೇರಿದ್ದನ್ನು 1,100 ಡಾಲರಿಗೆ ತಂದು ರಿಪೇರಿ ಮಾಡಿದ್ದೆ. ಎಷ್ಟಕ್ಕೆ ಮಾರಬಹುದೆಂದು ತಿಳಿಯಲು ನಾಲ್ಕು ದಾರಿ ಹಿಡಿದೆ. ಒಂದರ ಮಾತಿಗೂ ಇನ್ನೊಂದರ ಮಾತಿಗೂ ತಾಳೆಯಾಗಲಿಲ್ಲ.

ಮೊದಲನೆಯದು ನನ್ನದೇ ಖರ್ಚಿನ ಪುಸ್ತಕ. ಯಂತ್ರ, ರಬ್ಬರ್ ಉಂಗುರಗಳು, ಚೆಂಡನ್ನು ಹೊಡೆಯುವ ಫ್ಲಿಪ್ಪರ್‌ಗಳ ತಂತಿ ಸುರುಳಿಗಳು, ಹೊಸ ಎಲೆಕ್ಟ್ರಾನಿಕ್ ಬೋರ್ಡು, ಎಲ್‌ಇಡಿ ದೀಪಗಳು ಎಲ್ಲ ಸೇರಿ 2,700 ಡಾಲರ್. ಅದರ ಮೇಲೆ ನನ್ನ ಶನಿವಾರಗಳ ಕೂಲಿಯನ್ನು ಗಂಟೆಗೆ 20ರಂತೆ ಸೇರಿಸಿದಾಗ 5,900 ಆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಕೊಳ್ಳುವವರು ನನ್ನ ಶನಿವಾರಗಳಿಗೆ ಏಕೆ ದುಡ್ಡು ಕೊಡಬೇಕೆಂದು ಹೆಂಡತಿ ಕೇಳಿದಳು. ಉತ್ತರವಿರಲಿಲ್ಲ.

ಎರಡನೆಯದು ಮಾರಾಟದ ಜಾಹೀರಾತುಗಳು. 4,800ರಿಂದ 6,500ರವರೆಗೆ ಕೇಳುತ್ತಿದ್ದರು. ಮೂರು ತಿಂಗಳ ನಂತರ ನೋಡಿದರೆ ಅವೇ ಫೋಟೋಗಳು, ಅವೇ ಬೆಲೆಗಳು. ಮಾರಾಟವಾಗದ್ದರ ಬೆಲೆ ಕಟ್ಟಿಕೊಂಡು ನನಗೇನಾಗಬೇಕು?

ಮೂರನೆಯದರಲ್ಲಿ ಸ್ವಲ್ಪ ಹುರುಳಿತ್ತು. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರಾಟವಾದವನ್ನಷ್ಟೇ ಬೇರ್ಪಡಿಸಿ ನೋಡಬಹುದು. ಆದರೆ ಚೌಕಾಸಿಯಲ್ಲಿ ಕುದುರಿದ ವ್ಯಾಪಾರದಲ್ಲಿ ಕೈಸೇರಿದ ಮೊತ್ತ ಕಾಣುವುದಿಲ್ಲ, ಕೇಳಿದ ಬೆಲೆ ಮಾತ್ರ ಗೀಟು ಹೊಡೆದು ನಿಂತಿರುತ್ತದೆ. ಇನ್ನೊಂದು ತೊಡಕೂ ಇದೆ. ಈ ಮಾದರಿಯ 8,250 ಯಂತ್ರಗಳನ್ನು 1981ರಲ್ಲಿ ತಯಾರಿಸಿದ ಮೇಲೆ ಬ್ಯಾಲಿ 1982ರಲ್ಲಿ 'ಲಿಮಿಟೆಡ್ ಎಡಿಷನ್' ಎಂದೂ 1984ರಲ್ಲಿ ಮತ್ತೊಮ್ಮೆಯೂ ಅದನ್ನು ಹೊರತಂದಿತು. ಮಾರುವವರು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಹಾಕುತ್ತಾರೆ. ಸೋಸಿದ ಮೇಲೆ ನನಗೆ ಉಳಿದದ್ದು ಆರೇ ಮಾರಾಟ, 2,600ರಿಂದ 4,300ರವರೆಗೆ. ಮೇಲಿನ ಬೆಲೆ ಪಡೆದ ಎರಡರಲ್ಲೂ ಚೆಂಡು ಉರುಳುವ ಹಲಗೆಯನ್ನು ಎತ್ತಿ, ಅದರ ಅಡಿಯ ತಂತಿಗಳನ್ನು ತೋರಿಸಿದ ಫೋಟೋಗಳಿದ್ದವು.

ನಾಲ್ಕನೆಯದು ಹಳೆಯ ಮೆಕ್ಯಾನಿಕ್ ಒಬ್ಬರಿಂದ ಬೆಲೆ ಕಟ್ಟಿಸುವುದು, ಅದಕ್ಕೆ 75 ಡಾಲರ್ ಕೊಟ್ಟೆ. ಷಿಕಾಗೊ ಪಿನ್‌ಬಾಲಿನ ತವರು. ಬ್ಯಾಲಿ, ಗಾಟ್ಲೀಬ್, ವಿಲಿಯಮ್ಸ್ ಮೂರೂ ಕಂಪನಿಗಳು ಹುಟ್ಟಿದ್ದು ಇಲ್ಲಿಯೇ, ಹಾಗಾಗಿ ಹಳೆಯ ಮೆಕ್ಯಾನಿಕ್‌ಗಳಿಗೆ ಇಲ್ಲಿ ಬರವಿಲ್ಲ. ಮನೆಗೆ ಬಂದ ಹಿರಿಯರು ಒಂದಾಟವನ್ನೂ ಆಡಲಿಲ್ಲ. ಹಿಂಬದಿಯ ಪೆಟ್ಟಿಗೆ ತೆರೆದು ಟಾರ್ಚ್ ಬಿಟ್ಟರು. ಆ ಕಾಲದ ಬ್ಯಾಲಿ ಬೋರ್ಡುಗಳ ಮೇಲೆ ರೀಚಾರ್ಜ್ ಆಗುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು. ವರ್ಷಗಳು ಕಳೆದಂತೆ ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಸುತ್ತ ಹಸಿರು ಕಿಲುಬು ಹಿಡಿಯುತ್ತದೆ. ನನ್ನದು ಬ್ಯಾಟರಿಯೇ ಬೇಡದ ಹೊಸ ಬೋರ್ಡು. ಅವರು ತಲೆಯಾಡಿಸಿದರು.

ಆಮೇಲೆ ಹಲಗೆಯ ಮೇಲೆ ಉಗುರು ಎಳೆದರು. ಕೆಳಗಿನಿಂದ ಬೆಳಕು ಬರುವ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳ ಅಂಚಿನಲ್ಲಿ ಉಗುರು ಎರಡು ಕಡೆ ತಟ್ಟೆಂದು ತಡೆಯಿತು. ಬಿಲ್ಲೆ ಹಲಗೆಗಿಂತ ಕೂದಲೆಳೆಯಷ್ಟು ಮೇಲೆದ್ದಿತ್ತು. ನಾನು ದಿನವೂ ಒರೆಸುತ್ತಿದ್ದ ಜಾಗವೇ, ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೆ 300 ಡಾಲರ್ ಕಡಿತ. ಎಲ್‌ಇಡಿಗಳಿಗೆ ಬಿಡಿಗಾಸೂ ಸೇರಿಸಲಿಲ್ಲ, "ಹಳೆಯ ಬಲ್ಬುಗಳನ್ನು ಎಸೆದುಬಿಟ್ಟಿರಾ?" ಎಂದಷ್ಟೇ ಕೇಳಿದರು. ಕೊನೆಗೆ 3,400ರಿಂದ 3,600 ಎಂದರು, ಅದೂ ಸ್ಥಳೀಯವಾಗಿ ಮಾರಿದರೆ. ನೂರು ಕಿಲೋ ದಾಟುವ ಯಂತ್ರವನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವ ಖರ್ಚನ್ನು ಕೊಳ್ಳುವವರು ಬೆಲೆಯಲ್ಲೇ ಮುರಿದುಕೊಳ್ಳುತ್ತಾರಂತೆ. ಅದೇ ವಾರ ಒಬ್ಬ ವ್ಯಾಪಾರಿ ಫೋನಿನಲ್ಲೇ 2,200 ಹೇಳಿದ್ದರು. ಅವರು ಮರಳಿ ಮಾರಿ ಲಾಭ ನೋಡಬೇಕಲ್ಲ, ತಪ್ಪು ಹೇಳಲಾರೆ.

ಈಗ ಯಾರಾದರೂ ಕೇಳಿದರೆ ಮೂರನೆಯ ದಾರಿಯಲ್ಲಿ ಮೇಲಿನ, ಕೆಳಗಿನ ಗಡಿ ಹಾಕಿಕೊಳ್ಳಿ, ಆ ಗಡಿಯೊಳಗೆ ನಿಮ್ಮ ಯಂತ್ರ ಎಲ್ಲಿ ನಿಲ್ಲುತ್ತದೆಂದು ನಾಲ್ಕನೆಯದರಿಂದ ತಿಳಿಯಿರಿ ಎನ್ನುತ್ತೇನೆ. ನಾನು ಹಾಗೆಯೇ ಮಾಡಿ 3,700 ಕೇಳಿದೆ.

ಮಿಲ್ವಾಕಿಯಿಂದ ವ್ಯಾನು ತಂದ ಒಬ್ಬರು 3,450ಕ್ಕೆ ಒಪ್ಪಿದರು. ಅವರೂ ಮೊದಲು ಎತ್ತಿ ನೋಡಿದ್ದು ಹಲಗೆಯನ್ನೇ. ಹಳೆಯ ಬೋರ್ಡು ಇದೆಯೇ ಎಂದು ಕೇಳಿದರು. ಕಿಲುಬು ಹಿಡಿದದ್ದನ್ನು ಶೂ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ತಂದುಕೊಟ್ಟಾಗ ಕಣ್ಣರಳಿಸಿ ವ್ಯಾನಿನ ಮುಂದಿನ ಸೀಟಿನಲ್ಲಿಟ್ಟುಕೊಂಡರು. ಅದಕ್ಕೂ ಒಂದು ಬೆಲೆ ಕೇಳಬಹುದಿತ್ತೆಂದು ನನಗೆ ಹೊಳೆದದ್ದು ವ್ಯಾನು ತಿರುವು ದಾಟಿದ ಮೇಲೆ.