ಹಳೇ ಮರಕ್ಕೆ ಆರ್ಬಿಟಲ್ ಸ್ಯಾಂಡರ್: ವರ್ಷಗಟ್ಟಲೆ ಬಳಸಿದ ಮೇಲೆ

ಮರ ಉಜ್ಜಿ ನುಣುಪು ಮಾಡುವ ಈ ಯಂತ್ರ ಚೆನ್ನಾಗಿದೆ. ಅದರ ಬೆನ್ನಿಗೆ ಸಿಕ್ಕಿಸಿಕೊಟ್ಟಿರುವ ದೂಳಿನ ಡಬ್ಬಿ ಮಾತ್ರ ಬರೀ ಅಲಂಕಾರ. ಮೊದಲ ದಿನವೇ ಅದನ್ನು ತೆಗೆದಿಟ್ಟು ವ್ಯಾಕ್ಯೂಮ್ ಕ್ಲೀನರಿನ ಪೈಪು ಜೋಡಿಸಿಬಿಡಿ.

ನನ್ನದು 125 ಮಿ.ಮೀ. ಪ್ಯಾಡಿನ, ವೈರ್ ಇರುವ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಅಡಿಯ ದುಂಡನೆ ಪ್ಯಾಡಿಗೆ ಉಪ್ಪುಕಾಗದ ಅಂಟಿಸುತ್ತೇವೆ, ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗಿ ಮರ ಉಜ್ಜುತ್ತದೆ. ಮೇಜು, ಕುರ್ಚಿ, ಕಪಾಟಿನ ಬಾಗಿಲು ಅಂತ ವರ್ಷಗಳಿಂದ ಹಳೇ ಸಾಮಾನಿನ ಮೇಲೇ ಓಡಿದೆ. ಹೊಸ ಹಲಗೆ ಉಜ್ಜುವವರು ಬರೆಯುವ ಹೊಗಳಿಕೆಯನ್ನು ಪೂರ್ತಿ ನಂಬಬೇಡಿ. ಹಳೇ ಪಾಲಿಶ್ ಯಂತ್ರವನ್ನು ಕಾಡುವ ರೀತಿಯೇ ಬೇರೆ. ತಿಕ್ಕಿದಾಗ ಬಿಸಿಯಾಗುತ್ತದೆ, ಬಿಸಿಗೆ ಮೆತ್ತಗಾಗಿ ಉಪ್ಪುಕಾಗದದ ಹರಳುಗಳ ನಡುವೆ ಮೆತ್ತಿಕೊಳ್ಳುತ್ತದೆ. ಹರಳು ಹರಿತವಾಗೇ ಇದ್ದರೂ ಕಾಗದ ಕೆಲಸ ಮಾಡುವುದಿಲ್ಲ. ಆಗ ಕೈ ತಾನಾಗೇ ಒತ್ತಲು ಶುರುಮಾಡುತ್ತದೆ. ಒತ್ತಿದಷ್ಟೂ ಬಿಸಿ.

ಆ ಬಿಸಿ ಮೊದಲು ತಿನ್ನುವುದು ಪ್ಯಾಡನ್ನು. ಕಾಗದವನ್ನು ಕಚ್ಚಿ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಕೊಕ್ಕೆಗಳು ಕರಗಿ ಮೊಂಡಾಗುತ್ತವೆ, ಕಾಗದ ಓಡುತ್ತಿರುವಾಗಲೇ ಹಾರಿಹೋಗುತ್ತದೆ. ಕಾಗದ ಕಳಪೆ ಎಂದು ಬೈಯುವವರೇ ಹೆಚ್ಚು. ಪ್ಯಾಡಿನ ನಡುವೆ ಮತ್ತು ಅಂಚಿನಲ್ಲಿ ಬೆರಳಾಡಿಸಿ ನೋಡಿ, ಒರಟು ಹೋಗಿ ನುಣುಪಾಗಿದ್ದರೆ ಪ್ಯಾಡಿನ ಕಥೆ ಮುಗಿದಿದೆ. ಬದಲಾಯಿಸುವುದು ಸ್ಕ್ರೂ ಬಿಚ್ಚುವಷ್ಟು ಸುಲಭ, ಆದರೆ ನಿಮ್ಮ ಮಾಡೆಲ್ಲಿಗೆ ಪ್ಯಾಡ್ ಬಿಡಿಯಾಗಿ ಸಿಗಬೇಕು. ಯಂತ್ರ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ವ್ಯಾಟ್ ಎಷ್ಟು ಎನ್ನುವುದು ಆಮೇಲೆ.

ಇನ್ನೊಂದು ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಪ್ಯಾಡಿನ ಮೇಲ್ಭಾಗಕ್ಕೆ ತಾಗಿಕೊಂಡು ಒಂದು ರಬ್ಬರ್ ಬಳೆ ಇರುತ್ತದೆ, ಅದೇ ಬ್ರೇಕು. ಸವೆದರೆ ಯಂತ್ರವನ್ನು ಮೇಲೆತ್ತಿದಾಗ ಪ್ಯಾಡ್ ಬುಗುರಿಯ ಹಾಗೆ ತಿರುಗುತ್ತದೆ, ಮತ್ತೆ ಮರಕ್ಕೆ ಮುಟ್ಟಿಸಿದ ಕ್ಷಣ ಸುರುಳಿ ಗೀರು ಬೀಳುತ್ತದೆ. ಬರಿಗಣ್ಣಿಗೆ ಆಗ ಏನೂ ಕಾಣದು. ಬಣ್ಣ ಹಚ್ಚಿದ ಮೇಲೆ ಪ್ರತಿ ಗೀರೂ ಎದ್ದು ಕೂರುತ್ತದೆ. ಹಾಗಾಗಿ ಕೆಲಸಕ್ಕೆ ಮುಂಚೆ ಗಾಳಿಯಲ್ಲೇ ಒಮ್ಮೆ ಚಾಲೂ ಮಾಡಿ ನೋಡುತ್ತೇನೆ; ಪ್ಯಾಡ್ ನಿಧಾನವಾಗಿ ತಿರುಗಿದರೆ ಸರಿ.

ಮಧ್ಯೆ ಒಮ್ಮೆ ಮೋಟಾರು ತಡವರಿಸಿ, ಕಿಡಿ ಹಾರಿ, ಸುಟ್ಟ ವಾಸನೆ ಬಂತು. ರಿಪೇರಿಯವರು ಮೋಟಾರೇ ಬದಲಾಗಬೇಕು ಎಂದರು. ಬಿಚ್ಚಿದರೆ ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು, ಸವೆದು ಚೂರಾಗಿತ್ತು, ಅಷ್ಟೇ. ಇರುವ ಎರಡು ಬ್ರಷ್‌ಗಳನ್ನೂ ಒಟ್ಟಿಗೆ ಬದಲಿಸಿದೆ, ಇವತ್ತಿಗೂ ಓಡುತ್ತಿದೆ. ಬ್ರಷ್ ಸವೆಯುವುದು ದೋಷವಲ್ಲ, ಅದು ಸವೆಯಲೆಂದೇ ಇರುವ ಭಾಗ. ಪ್ಲಗ್ ಕಿತ್ತೇ ಬಿಚ್ಚಬೇಕು ಎಂದು ಬೇರೆ ಹೇಳಬೇಕಿಲ್ಲ. ಸ್ವಿಚ್ಚು ಆಗಾಗ ಕೈಕೊಡುವುದಕ್ಕೆ ಒಳಗೆ ಸೇರಿದ ನುಣ್ಣನೆ ದೂಳು ಕಾರಣ. ಗಾಳಿ ಊದಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ಹಳೇ ಪಾಲಿಶ್ ತೆಗೆಯಲು ಯಂತ್ರ ಮುಟ್ಟುವುದೇ ಇಲ್ಲ. ಮೊದಲು ಮೂಲೆಯೊಂದರಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಇಟ್ಟು ನೋಡುತ್ತೇನೆ. ಅಂಟಂಟಾದರೆ ಅದು ಅರಗಿನ ಪಾಲಿಶ್, ಸ್ಪಿರಿಟ್ಟಿನಲ್ಲೇ ಒರೆಸಿ ತೆಗೆಯಬಹುದು. ಉಳಿದವಕ್ಕೆ ಪಾಲಿಶನ್ನು ಮೆತ್ತಗೆ ಮಾಡಿ ಬಿಡಿಸುವ ರಾಸಾಯನಿಕ, ಅಂದರೆ ಸ್ಟ್ರಿಪ್ಪರ್, ಆಮೇಲೆ ಕಾರ್ಡ್ ಸ್ಕ್ರೇಪರ್. ಈ ತೆಳ್ಳನೆ ಉಕ್ಕಿನ ತಗಡು ಪಾಲಿಶನ್ನು ಸಿಪ್ಪೆಯಾಗಿ ಎಬ್ಬಿಸುತ್ತದೆ, ದೂಳೂ ಕಡಿಮೆ, ಕೆಡುವ ಭಾಗವೂ ಇಲ್ಲ. ಬರಿಮರ ಕಂಡ ಮೇಲೇ ಸ್ಯಾಂಡರಿನ ಸರದಿ: 80, 120, 180ರ ಕಾಗದ (ನಂಬರು ಹೆಚ್ಚಿದಷ್ಟೂ ಹರಳು ನುಣ್ಣಗೆ). ಪ್ರತಿ ಹಂತಕ್ಕೂ ಮುಂಚೆ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಾದಿಡ್ಡಿ ಗೀಚಿ, ಗೀಚು ಪೂರ್ತಿ ಅಳಿಸಿದ ಮೇಲೆ ಮುಂದಿನ ಕಾಗದ.

ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳ್ಳನೆ ಮರದ ಹಾಳೆಯ ಮೇಲೆ 80ರ ಕಾಗದ ಬೇಡವೇ ಬೇಡ. ಈಗಿನ ವೆನೀರ್ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆಯೇ ಇರುವುದು ಹೆಚ್ಚು, ಅಂಚಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೂತು. ತುಂಬಾ ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಪರೀಕ್ಷಿಸದೆ ಅದನ್ನು ಒಣಗಿದ್ದ ಹಾಗೇ ಉಜ್ಜಲೇಬೇಡಿ. ಮಾಸ್ಕ್ ಯಾವಾಗಲೂ ಇರಲಿ.

ಅಗಲವಾದ ಮೇಜು, ಬಾಗಿಲು ಇರುವವರಿಗೆ ಈ ಸ್ಯಾಂಡರ್ ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ, ವೇಗ ಇಳಿಸುವ ಗುಂಡಿ ಇರುವ ಮಾಡೆಲ್ಲೇ ಆಗಿರಲಿ. ನಿಮ್ಮ ಹತ್ತಿರ ಇರುವುದೆಲ್ಲ ಕೆತ್ತನೆಯ ಕುರ್ಚಿ, ಕಡೆದ ಕಾಲುಗಳೇ ಆದರೆ ಕೊಳ್ಳಬೇಡಿ. ದುಂಡನೆ ಪ್ಯಾಡ್ ಅಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ, ಏಣೆಲ್ಲ ಉರುಟಾಗುತ್ತದೆ.