ವಾಂತಿ–ಭೇದಿಯ ದಿನಗಳಲ್ಲಿ ಬಿ.ಪಿ. ಮಾತ್ರೆ: ಟೆಲ್ಮಿಸಾರ್ಟಾನ್ ಸೇವಿಸುವವರ ಗಮನಕ್ಕೆ

ನಿಮ್ಮ ಮನೆಯಲ್ಲಿ ಯಾರಾದರೂ ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮಾತ್ರೆ ಸೇವಿಸುತ್ತಿದ್ದರೆ, ಅದರಲ್ಲೂ ಸ್ಟ್ರಿಪ್ಪಿನ ಮೇಲೆ ಮಾತ್ರೆಯ ಹೆಸರಿನ ಜೊತೆಗೆ ‘ಎಚ್’ ಎಂಬ ಅಕ್ಷರವಿದ್ದರೆ, ಇದನ್ನು ದಯವಿಟ್ಟು ಪೂರ್ತಿ ಓದಿ. ಆ ಅಕ್ಷರವಿದ್ದರೆ ಸಾಮಾನ್ಯವಾಗಿ ಅದೇ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ, ಉಪ್ಪು ಮತ್ತು ನೀರನ್ನು ಮೂತ್ರದ ಮೂಲಕ ಹೊರಹಾಕುವ ಇನ್ನೊಂದು ಔಷಧವೂ ಸೇರಿರುತ್ತದೆ.

ಕೇರಳದ ಗಡಿನಾಡು ಕಾಸರಗೋಡಿನ ಪೆರ್ಲದ ಸಮೀಪವಿರುವ ನನ್ನ ದೊಡ್ಡಮ್ಮ ಹಲವು ವರ್ಷಗಳಿಂದ ಈ ಮಾತ್ರೆಯನ್ನು ಮಂಗಳೂರಿನ ವೈದ್ಯರ ಸಲಹೆಯಂತೆ ಸೇವಿಸುತ್ತಿದ್ದರು. ಒಂದು ದಿನವೂ ತಪ್ಪಿಸಬಾರದು ಎಂದು ವೈದ್ಯರು ಹೇಳಿದ್ದ ಮಾತನ್ನು ಅವರು ಅಕ್ಷರಶಃ ಪಾಲಿಸಿದವರು. ಕಳೆದ ಆಟಿ ತಿಂಗಳಲ್ಲಿ ಮೊಣಕಾಲು ನೋವು ಹೆಚ್ಚಾದಾಗ ಪೇಟೆಯ ಮೆಡಿಕಲ್ ಅಂಗಡಿಯಿಂದ ಅಸಿಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತರಿಸಿಕೊಂಡರು. ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತಿದ್ದಾರೆ ಎಂದು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ, ಚೀಟಿಯನ್ನೂ ಕೇಳಲಿಲ್ಲ. ಅದೇ ವಾರ ಅವರಿಗೆ ವಾಂತಿ–ಭೇದಿ ಶುರುವಾಯಿತು. ಊಟ ಸೇರದಿದ್ದರೂ ಬೆಳಗ್ಗೆ ಬಿ.ಪಿ. ಮಾತ್ರೆ, ಎರಡು ಹೊತ್ತು ನೋವಿನ ಮಾತ್ರೆ ತಪ್ಪಲಿಲ್ಲ. ನಿತ್ರಾಣಕ್ಕೆ ಒಳ್ಳೆಯದೆಂದು ಮನೆಯವರು ಪ್ರೀತಿಯಿಂದ ಮತ್ತೆ ಮತ್ತೆ ಸೀಯಾಳ ಕೊಟ್ಟರು.

ಮೂರನೆಯ ದಿನ ಅವರಿಗೆ ಜಗಲಿಯ ಮೆಟ್ಟಿಲು ಹತ್ತಲು ಕಾಲು ಎತ್ತಲಾಗಲಿಲ್ಲ. ಹಿಂದಿನ ಸಂಜೆಯಿಂದ ಮೂತ್ರವೇ ಆಗಿಲ್ಲ ಎಂಬುದು ಆಗಷ್ಟೇ ತಿಳಿಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಬಿ.ಪಿ. ತುಂಬಾ ಕಡಿಮೆ ಇದೆಯೆಂದು ಹೇಳಿ ಶಕ್ತಿಗೆ ಒಂದು ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಮಂಗಳೂರಿಗೆ ತಲುಪುವಾಗ ನಾಡಿ ನಿಧಾನವಾಗಿತ್ತು. ರಕ್ತದ ಪೊಟ್ಯಾಸಿಯಂ 6.8 ಇತ್ತು; ಇದು ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ಮೊದಲು ಒಂದರ ಒಳಗಿದ್ದದ್ದು, ನಾಲ್ಕು ದಾಟಿತ್ತು. ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಂಡ ಕೂಡಲೇ ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಇಳಿಸಲು ಗ್ಲೂಕೋಸಿನೊಂದಿಗೆ ಇನ್ಸುಲಿನ್, ಆಮೇಲೆ ಸಲೈನ್ ಕೊಟ್ಟರು. ಡಯಾಲಿಸಿಸ್ಸಿಗೆ ಸಿದ್ಧತೆ ನಡೆದಿತ್ತು. ಮೂತ್ರ ಬರಲು ಆರಂಭವಾದ್ದರಿಂದ ಅದು ಬೇಕಾಗಲಿಲ್ಲ.

ಇದು ಏಕೆ ಆಯಿತು ಎಂಬುದನ್ನು ಅಲ್ಲಿನ ವೈದ್ಯರು ತಾಳ್ಮೆಯಿಂದ ವಿವರಿಸಿದರು. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡವು ತನ್ನ ಸೋಸುವಿಕೆಯನ್ನು ಉಳಿಸಿಕೊಳ್ಳಲು, ತೋಡಿನಲ್ಲಿ ನೀರು ಇಳಿದಾಗ ಕೆಳಗಡೆ ಕಟ್ಟ ಹಾಕಿ ಮಟ್ಟ ಏರಿಸುವಂತೆ, ರಕ್ತ ಹೊರಹೋಗುವ ಸಣ್ಣ ನಾಳವನ್ನು ಬಿಗಿ ಮಾಡುತ್ತದೆ ಮತ್ತು ಒಳಬರುವ ನಾಳವನ್ನು ಸಡಿಲವಾಗಿ ಇಟ್ಟುಕೊಳ್ಳುತ್ತದೆ. ಹೊರನಾಳವನ್ನು ಬಿಗಿ ಮಾಡುವ ಆಂಜಿಯೋಟೆನ್ಸಿನ್ ಎಂಬ ರಸದ ಕೆಲಸವನ್ನು ಟೆಲ್ಮಿಸಾರ್ಟಾನ್ ತಡೆಯುತ್ತದೆ. ಒಳನಾಳವನ್ನು ಸಡಿಲವಾಗಿಡುವ ವ್ಯವಸ್ಥೆಯನ್ನು ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಕೆಡಿಸುತ್ತವೆ. ಮೂತ್ರ ಹೆಚ್ಚಿಸುವ ಔಷಧ ಉಳಿದ ನೀರನ್ನೂ ಕಳೆಯುತ್ತದೆ. ಇದರ ಮೇಲೆ ಟೆಲ್ಮಿಸಾರ್ಟಾನಿಗೆ ಪೊಟ್ಯಾಸಿಯಂ ಹಿಡಿದಿಡುವ ಗುಣವಿದೆ, ಸೀಯಾಳದಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಮೂತ್ರ ನಿಂತ ಮೇಲೆ ಅದು ಹೊರಹೋಗಲು ದಾರಿಯೇ ಇರಲಿಲ್ಲ.

ದೊಡ್ಡಮ್ಮ ಮನೆಗೆ ಬಂದ ಮೇಲೆ ಕೇಳಿಬಂದ ಮಾತುಗಳು ನನ್ನನ್ನು ಇನ್ನಷ್ಟು ಹೆದರಿಸಿದವು. ನೆಂಟರಲ್ಲಿ ಇಬ್ಬರು, ಅವರಿಗೆ ಏನೂ ಆಗಿಲ್ಲದಿದ್ದರೂ, ತಮ್ಮ ಟೆಲ್ಮಿಸಾರ್ಟಾನನ್ನು ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರು. ಇದು ಕೂಡ ಅಷ್ಟೇ ಅಪಾಯ. ಈ ಔಷಧ ರಕ್ತದೊತ್ತಡವನ್ನು ಹಗಲು ರಾತ್ರಿ ಹತೋಟಿಯಲ್ಲಿಡುತ್ತದೆ, ಪಾರ್ಶ್ವವಾಯು ಮತ್ತು ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯಿದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುವವರಲ್ಲಿ ಈ ವರ್ಗದ ಮಾತ್ರೆಗಳು ಮೂತ್ರಪಿಂಡ ಕೆಡುವುದನ್ನು ನಿಧಾನಗೊಳಿಸುತ್ತವೆ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲವಾದ್ದರಿಂದ, ಆರಾಮವಾಗಿದ್ದೇನೆಂದು ಮಾತ್ರೆ ಬಿಡುವುದಕ್ಕೆ ಅರ್ಥವಿಲ್ಲ. ದೊಡ್ಡಮ್ಮನಿಗೂ ಮೊದಲು ಅಮ್ಲೋಡಿಪಿನ್ ಎಂಬ ಬೇರೆ ಬಿ.ಪಿ. ಮಾತ್ರೆ ಕೊಟ್ಟು, ಕ್ರಿಯಾಟಿನಿನ್ ಇಳಿದ ಬಳಿಕ ಟೆಲ್ಮಿಸಾರ್ಟಾನನ್ನೇ ಕಡಿಮೆ ಪ್ರಮಾಣದಲ್ಲಿ ಪುನಃ ಆರಂಭಿಸಿದ್ದಾರೆ.

ವಾಂತಿ–ಭೇದಿ ಅಥವಾ ಊಟ ಸೇರದಷ್ಟು ಜ್ವರ ಬಂದರೆ ಅದೇ ದಿನ ನಿಮ್ಮ ವೈದ್ಯರಿಗೆ ಫೋನು ಮಾಡಿ, ಬಿ.ಪಿ. ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಸೇವಿಸುವವರು ಅದರ ಬಗ್ಗೆಯೂ ಕೇಳಬೇಕು. ನಿಲ್ಲಿಸಲು ಹೇಳಿದರೆ, ಊಟ–ನೀರು ಸರಿಯಾಗಿ ಸೇರಿದ ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ಮತ್ತೆ ಆರಂಭಿಸಲು ಸೂಚಿಸುತ್ತಾರೆ. ಆ ದಿನವನ್ನೂ ಕೇಳಿಟ್ಟುಕೊಳ್ಳಿ. ನಿರ್ಜಲತೆಗೆ ಸೀಯಾಳದ ಬದಲು, ಪೊಟ್ಟಣದಲ್ಲಿ ಬರೆದಷ್ಟೇ ನೀರಿನಲ್ಲಿ ಕದಡಿದ ಒ.ಆರ್.ಎಸ್. ಕುಡಿಯುವುದು ಒಳ್ಳೆಯದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವಿಚಾರಿಸಿ. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂನ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಈ ಮಾತ್ರೆಯವರು ಕೇಳದೆ ಬಳಸಬಾರದು. ಮಾತ್ರೆ ಆರಂಭಿಸಿದ ಒಂದೆರಡು ವಾರಗಳಲ್ಲಿ, ಮುಂದೆ ವರ್ಷಕ್ಕೊಮ್ಮೆಯಾದರೂ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಗರ್ಭಿಣಿಯರಿಗೆ ಈ ಔಷಧ ಸಲ್ಲದು, ಮಗುವಿನ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಇನ್ನೊಂದು ಸಣ್ಣ ವಿಷಯ: ಟೆಲ್ಮಿಸಾರ್ಟಾನ್ ಗಾಳಿಯ ತೇವವನ್ನು ಬೇಗ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ವಾರದ ಮಾತ್ರೆಗಳನ್ನು ಬಿಡಿಸಿ ಡಬ್ಬಿಯಲ್ಲಿ ತುಂಬಿಡದೆ, ಸೇವಿಸುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಬೇಕು.

ಗಡಿಯ ಈಚೆ ಒಬ್ಬರು, ಆಚೆ ಒಬ್ಬರು ವೈದ್ಯರಿರುವ ನಮ್ಮಂಥವರಲ್ಲಿ ಒಬ್ಬರು ಬರೆದ ಮದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಎಲ್ಲ ಮಾತ್ರೆಗಳ ಹೆಸರಿರುವ ಒಂದೇ ಚೀಟಿ ರೋಗಿಯ ಚೀಲದಲ್ಲಿರಲಿ. ಮೆಡಿಕಲ್ ಅಂಗಡಿಯಲ್ಲಿಯೂ ಮೊದಲು ಅದನ್ನೇ ತೋರಿಸಿ. ಮೂತ್ರ ತೀರಾ ಕಡಿಮೆಯಾದರೆ, ಕೈಕಾಲು ಸೋತರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ನಾಡಿ ನಿಧಾನವಾದರೆ ಬರಿಯ ಬಿ.ಪಿ. ನೋಡಿಸಿ ಮನೆಗೆ ಮರಳಬೇಡಿ. ರಕ್ತ ಪರೀಕ್ಷೆ ಮತ್ತು ಇ.ಸಿ.ಜಿ. ಎರಡೂ ಇರುವ ಆಸ್ಪತ್ರೆಗೆ ಅದೇ ದಿನ ಕರೆದೊಯ್ದು, ಪೊಟ್ಯಾಸಿಯಂ ನೋಡಿಸಿ.