ಗಡಿ ದಾಟುವ ಇಳಕಲ್ ಸೀರೆ: ಮಾರುಕಟ್ಟೆ ತಾಣವೋ, ಸ್ವಂತ ತಾಣವೋ?

ಇಳಕಲ್‌ನ ಕೆಲವು ಮಗ್ಗದ ಮನೆಗಳಿಂದ ಸೀರೆ ತಂದು ಹೊರದೇಶದ ಗ್ರಾಹಕರಿಗೆ ಕಳುಹಿಸುವ ಸಣ್ಣ ವ್ಯಾಪಾರವನ್ನು ನಾನು ಹುಬ್ಬಳ್ಳಿಯಿಂದ ಮೂರು ವರ್ಷಗಳಿಂದ ನಡೆಸುತ್ತಿದ್ದೇನೆ. ಕೊಳ್ಳುವವರಲ್ಲಿ ಹೆಚ್ಚಿನವರು ನ್ಯೂಜೆರ್ಸಿ, ಟೆಕ್ಸಾಸ್, ಲಂಡನ್, ಮ್ಯೂನಿಕ್ ಕಡೆ ನೆಲೆಸಿರುವ ಕನ್ನಡಿಗರು. ಇದೇ ಸೀರೆಗಳನ್ನು ಹಲವರು ತಮ್ಮ ಸರಕು ಮಾರುವ ಒಂದು ದೊಡ್ಡ ಅಂತರರಾಷ್ಟ್ರೀಯ ಆನ್‌ಲೈನ್ ಮಾರುಕಟ್ಟೆ ತಾಣದಲ್ಲಿಯೂ ನಮ್ಮದೇ ಪುಟ್ಟ ಜಾಲತಾಣದಲ್ಲಿಯೂ ಒಟ್ಟಿಗೇ ಮಾರಿ ನೋಡಿದ್ದೇನೆ. ಕಮಿಷನ್ ಎಷ್ಟು, ಗ್ರಾಹಕರು ಎಷ್ಟು ಎಂಬ ಲೆಕ್ಕಕ್ಕಿಂತ, ತೆರಿಗೆಯನ್ನು ಯಾರು ವಸೂಲಿ ಮಾಡುತ್ತಾರೆ, ಸೀರೆ ಬೇಡವೆಂದಾಗ ಹಣ ವಾಪಸು ಕೊಡುವ ತೀರ್ಮಾನ ಯಾರದು ಎಂಬ ಎರಡು ಪ್ರಶ್ನೆಗಳೇ ಈ ದಾರಿಗಳನ್ನು ಬೇರ್ಪಡಿಸುತ್ತವೆ ಎಂಬುದು ನನ್ನ ಅನುಭವ.

ಭಾರತದ ಕಡೆಯ ಕೆಲಸ ಎರಡಕ್ಕೂ ಒಂದೇ. 500 ರೂಪಾಯಿ ಶುಲ್ಕ ಕಟ್ಟಿ ಆಮದು-ರಫ್ತು ಸಂಕೇತ ಪಡೆಯಬೇಕು. ಪ್ರತಿ ಹಣಕಾಸು ವರ್ಷಕ್ಕೂ ಜಿಎಸ್‌ಟಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ, ಇಲ್ಲಿ ಶೇ 5ರ ತೆರಿಗೆ ಬೀಳುವ ಸೀರೆಯನ್ನು ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು.

ಅಮೆರಿಕದ ಮಾರಾಟ ತೆರಿಗೆಯ ಬಗ್ಗೆ ನನಗೆ ಆರಂಭದಲ್ಲಿ ಇದ್ದ ಭಯ ದೊಡ್ಡದು. 2018ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟ್ ಸೌತ್ ಡಕೋಟಾ ವಿರುದ್ಧ ವೇಫೇರ್ ಪ್ರಕರಣದಲ್ಲಿ, ರಾಜ್ಯದೊಳಗೆ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಿಸಬಹುದೆಂದು ತೀರ್ಪು ನೀಡಿದ ಮೇಲೆ, ಹುಬ್ಬಳ್ಳಿಯಲ್ಲಿ ಕುಳಿತ ನಾನೂ ಒಂದೊಂದು ರಾಜ್ಯದಲ್ಲಿ ನೋಂದಾಯಿಸಬೇಕಾದೀತೆಂದು ತಿಳಿದಿದ್ದೆ. ವಾಸ್ತವದಲ್ಲಿ ಬಹುತೇಕ ರಾಜ್ಯಗಳು ವರ್ಷಕ್ಕೆ 1 ಲಕ್ಷ ಡಾಲರಿನ ಮಾರಾಟವನ್ನು ಮಿತಿಯಾಗಿ ಇಟ್ಟಿವೆ. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಅದು 5 ಲಕ್ಷ ಡಾಲರ್. ಕೆಲವು ರಾಜ್ಯಗಳು 200 ವಹಿವಾಟುಗಳ ಲೆಕ್ಕವನ್ನೂ ಹಿಡಿಯುತ್ತವೆ. ನನ್ನ ವ್ಯಾಪಾರ ಇವುಗಳ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಸ್ವಂತ ತಾಣದಲ್ಲಿ ನಾನು ಅಮೆರಿಕದ ಮಾರಾಟ ತೆರಿಗೆ ಹಾಕುವುದಿಲ್ಲ. ಮಾರುಕಟ್ಟೆ ತಾಣವಾದರೋ ಗ್ರಾಹಕರ ವಿಳಾಸ ನೋಡಿ ತಾನೇ ಹಾಕುತ್ತದೆ, ತಾನೇ ಕಟ್ಟುತ್ತದೆ. ಬಟ್ಟೆಗೆ ವಿನಾಯಿತಿ ಇರುವ ನ್ಯೂಜೆರ್ಸಿಯ ಗ್ರಾಹಕರಿಗೆ ಶೂನ್ಯ, ವಿನಾಯಿತಿ ಇಲ್ಲದ ಟೆಕ್ಸಾಸ್‌ನವರಿಗೆ ರಾಜ್ಯದ ಪಾಲೇ ಶೇ 6.25 ಎಂಬ ವ್ಯತ್ಯಾಸವನ್ನು ನಾನು ಮೊದಲು ಕಂಡದ್ದು ಅದರ ರಸೀದಿಗಳಲ್ಲಿಯೇ.

ಬ್ರಿಟನ್ನಿನಲ್ಲಿ ತಕ್ಕಡಿ ಪೂರ್ತಿ ಮಾರುಕಟ್ಟೆ ತಾಣದ ಕಡೆಗೆ ವಾಲುತ್ತದೆ. 2021ರ ಜನವರಿ 1ರಿಂದ, 135 ಪೌಂಡ್ ಮೀರದ ಪಾರ್ಸೆಲ್‌ಗೆ ಶೇ 20ರ ವ್ಯಾಟ್ ಅನ್ನು ಮಾರಾಟದ ಹೊತ್ತಿನಲ್ಲಿಯೇ ವಸೂಲಿ ಮಾಡಬೇಕು. ಹೊರದೇಶದಿಂದ ನೇರವಾಗಿ ಮಾರುವವರಿಗೆ ಯಾವ ಕನಿಷ್ಠ ಮಿತಿಯೂ ಇಲ್ಲ. ಮೊದಲ ಸೀರೆಗೇ ನೋಂದಣಿ ಬೇಕು. ವರ್ಷಕ್ಕೆ ಇಪ್ಪತ್ತು ಸೀರೆಗಳಿಗಾಗಿ ಲಂಡನ್ನಿಗೆ ಲೆಕ್ಕಪತ್ರ ಸಲ್ಲಿಸುತ್ತ ಕೂರುವುದು ನನ್ನಂಥವರಿಗೆ ಸಾಧ್ಯವಿಲ್ಲದ ಕಾರಣ, ಸ್ವಂತ ತಾಣದಲ್ಲಿ ಬ್ರಿಟನ್ನಿನ ವಿಳಾಸಗಳನ್ನೇ ಮುಚ್ಚಿಬಿಟ್ಟೆ. ಮಾರುಕಟ್ಟೆ ತಾಣದಲ್ಲಿ ಆ ವ್ಯಾಟ್ ಅನ್ನು ತಾಣವೇ ವಸೂಲಿ ಮಾಡುತ್ತದೆ: 48 ಪೌಂಡಿನ ಸೀರೆಗೆ ಗ್ರಾಹಕರು 57.60 ಪೌಂಡ್ ಕೊಡುತ್ತಾರೆ. ಸೀರೆ ಹಿಂದೆ ಬಂದರೆ ಆ 9.60 ಪೌಂಡ್ ಕೂಡ ಅಲ್ಲಿಂದಲೇ ಅವರಿಗೆ ಮರಳುತ್ತದೆ. ಆದರೆ ಮೂರು ಸೀರೆಗಳು ಒಂದೇ ಪೆಟ್ಟಿಗೆಯಲ್ಲಿ ಹೋದರೆ ಬೆಲೆ 144 ಪೌಂಡ್ ಆಗಿ ಮಿತಿ ದಾಟುತ್ತದೆ, ವ್ಯಾಟ್ ಗಡಿಯಲ್ಲಿ ಬೀಳುತ್ತದೆ. ಆಗ ಸೀರೆ ವಾಪಸು ಕಳುಹಿಸಿದರೆ ನಾನು ಸೀರೆಯ ಹಣವನ್ನಷ್ಟೇ ಕೊಡಬಲ್ಲೆ. ಅಂಚೆಯಲ್ಲಿ ಬಂದ ಪಾರ್ಸೆಲ್‌ನ ತೆರಿಗೆಯನ್ನು ಗ್ರಾಹಕರೇ ಬಿಒಆರ್ 286 ಎಂಬ ನಮೂನೆ ತುಂಬಿ ಅಲ್ಲಿನ ಇಲಾಖೆಯಿಂದ ಕೇಳಿ ಪಡೆಯಬೇಕು. ತೆರಿಗೆಯನ್ನು ಯಾರು ಪಡೆದರೋ ಅವರಿಂದಲೇ ಅದು ಮರಳಬೇಕು ಎಂಬ ಈ ಸರಳ ಸಂಗತಿಯನ್ನು ಗ್ರಾಹಕರಿಗೆ ಮೊದಲೇ ಹೇಳದಿದ್ದರೆ ಬೈಗುಳ ನಮಗೇ.

ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಂದು 22 ಯೂರೊವರೆಗಿನ ವ್ಯಾಟ್ ವಿನಾಯಿತಿಯನ್ನು ತೆಗೆದು, 150 ಯೂರೊ ಮೀರದ ಪಾರ್ಸೆಲ್‌ಗಳಿಗೆ ವ್ಯಾಟ್ ಅನ್ನು ಮಾರುವಾಗಲೇ ವಸೂಲಿ ಮಾಡಿ ಕಟ್ಟುವ ಐಒಎಸ್‌ಎಸ್ ಎಂಬ ವ್ಯವಸ್ಥೆ ತಂದಿತು. ನನ್ನಂಥ ಹೊರಗಿನವರು ಇದಕ್ಕೆ ಸೇರಲು ಅಲ್ಲಿಯೇ ನೆಲೆಯಿರುವ ಮಧ್ಯವರ್ತಿಯನ್ನು ನೇಮಿಸಿಕೊಳ್ಳಬೇಕಾಗಿರುವುದರಿಂದ ಅದು ನನಗೆ ದುಬಾರಿ. ಮಾರುಕಟ್ಟೆ ತಾಣ ತನ್ನ ಐಒಎಸ್‌ಎಸ್ ನೋಂದಣಿ ಸಂಖ್ಯೆಯನ್ನೇ ಕೊಡುತ್ತದೆ. ಆ ಸಂಖ್ಯೆಯಿಂದಲೇ ನನಗೆ ಒಮ್ಮೆ ಪೆಟ್ಟು ಬಿದ್ದಿತು. ಮ್ಯೂನಿಕ್‌ನ ಗ್ರಾಹಕಿಯೊಬ್ಬರು 60 ಯೂರೊ ಸೀರೆಗೆ ಜರ್ಮನಿಯ ಶೇ 19ರಂತೆ 11.40 ಯೂರೊ ವ್ಯಾಟ್ ಕೊಟ್ಟಾಗಿತ್ತು. ನಾನು ಐಒಎಸ್‌ಎಸ್ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಕೊಟ್ಟಿದ್ದೆ. ಕೊರಿಯರ್ ಕೌಂಟರಿನವರು ಕಂಪ್ಯೂಟರಿನ ಕಸ್ಟಮ್ಸ್ ವಿವರದಲ್ಲಿ ಆ ಅಂಕಣವನ್ನು ಖಾಲಿ ಬಿಟ್ಟಿದ್ದರು. ಅಲ್ಲಿನ ಕಸ್ಟಮ್ಸ್ ನೋಡುವುದು ಆ ವಿದ್ಯುನ್ಮಾನ ವಿವರವನ್ನೇ ಹೊರತು ಪೆಟ್ಟಿಗೆಯ ಮೇಲಿನ ಬರಹವನ್ನಲ್ಲ. ಬಾಗಿಲಲ್ಲಿ ಆಕೆಯಿಂದ ಮತ್ತೊಮ್ಮೆ 11.40 ಯೂರೊವನ್ನೂ ಅದರ ಮೇಲೆ ನಿರ್ವಹಣಾ ಶುಲ್ಕವನ್ನೂ ಪಡೆದರು. ಎರಡನ್ನೂ ನಾನು ನನ್ನ ಜೇಬಿನಿಂದ ಕೊಟ್ಟೆ. ಈಗ ಕೌಂಟರಿನಲ್ಲಿ ನಿಂತು, ಆ ಅಂಕಣ ತುಂಬಿದ್ದನ್ನು ಪರದೆಯ ಮೇಲೆ ಕಣ್ಣಾರೆ ನೋಡಿದ ಮೇಲಷ್ಟೇ ಹಣ ಕೊಡುತ್ತೇನೆ.

ಇಷ್ಟರ ಮಟ್ಟಿಗೆ ಮಾರುಕಟ್ಟೆ ತಾಣವೇ ಮೇಲು. ಹಣ ವಾಪಸಾತಿಯ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಪೂರ್ತಿ ತಿರುಗುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನು ಕೊಂಡಿಯ ಹಾಗೆ ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ, ಮತ್ತು ಕೆಂಪು ಸೆರಗು ಆರಂಭವಾಗುವ ಆ ಗೆರೆಯನ್ನು ಬೆರಳಿನಿಂದ ಸವರಿದರೆ ಸಣ್ಣ ಸಾಲುಗಂಟುಗಳು ತಾಕುತ್ತವೆ. ಅದು ಕೈಮಗ್ಗದ ಇಳಕಲ್ಲಿನ ಗುರುತು. ಅಮೆರಿಕದ ಗ್ರಾಹಕಿಯೊಬ್ಬರು ಆ ಗೆರೆಯ ಚಿತ್ರ ತೆಗೆದು, ಸೀರೆ ಹರಿದು ಹೊಲಿದದ್ದೆಂದು ಮಾರುಕಟ್ಟೆ ತಾಣಕ್ಕೆ ದೂರು ಕೊಟ್ಟರು. ನೇಕಾರರು ಮಗ್ಗದ ಮೇಲೆ ಕೊಂಡಿ ಹಾಕುತ್ತಿರುವ ವಿಡಿಯೊವನ್ನು ನಾನು ಕಳುಹಿಸಿದೆ. ಅದನ್ನು ಯಾರಾದರೂ ನೋಡಿದರೆಂಬ ಸೂಚನೆ ಸಹ ಬರಲಿಲ್ಲ. ಎರಡನೆಯ ದಿನ ಪೂರ್ತಿ ಹಣ ನನ್ನ ಖಾತೆಯಿಂದ ಕಡಿತವಾಯಿತು, ಸೀರೆಯೂ ಹಿಂದೆ ಬರಲಿಲ್ಲ. ದಿನಗಟ್ಟಲೆ ನೇಯ್ಗೆಯ ಹಿಂದಿರುವ ಕೌಶಲವನ್ನೇ ದೋಷವೆಂದು ಬರೆದ ಆ ಸಂದೇಶ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಸ್ವಂತ ತಾಣದಲ್ಲಿ ಇದೇ ಬಗೆಯ ದೂರು ನ್ಯೂಜೆರ್ಸಿಯಿಂದ ಬಂದಾಗ ನಾನು ನೇರವಾಗಿ ಫೋನ್ ಮಾಡಿ ವಿವರಿಸಿದೆ, ಅವರು ಸೀರೆಯನ್ನು ಇಟ್ಟುಕೊಂಡರು. ಆದರೂ ಖರ್ಚಿನ ದೃಷ್ಟಿಯಿಂದ ಸ್ವಂತ ತಾಣದ ವಾಪಸಾತಿ ಅಗ್ಗವಲ್ಲ. ಬಣ್ಣ ಒಪ್ಪದ ಇನ್ನೊಂದು 60 ಡಾಲರಿನ ಸೀರೆಯ ಲೆಕ್ಕ ಹೀಗಿತ್ತು: ಮಾರಿದಾಗ ಡಾಲರಿಗೆ 86 ರೂಪಾಯಿಯಂತೆ 5,160 ರೂಪಾಯಿ, ಹಿಂದಿರುಗಿಸಿದಾಗ 88ರಂತೆ 5,280 ರೂಪಾಯಿ. ಈ 120 ರೂಪಾಯಿಯ ಜೊತೆಗೆ ಪಾವತಿ ಸಂಸ್ಥೆ ಮೊದಲ ವಹಿವಾಟಿನ ಶುಲ್ಕವನ್ನೂ ಮರಳಿಸಲಿಲ್ಲ. ಜಿಎಸ್‌ಟಿ ಲೆಕ್ಕದಲ್ಲಿ, ಮಾರಾಟವನ್ನು ಕಳೆಯುವ ಕ್ರೆಡಿಟ್ ನೋಟ್ ಬರೆಯಬೇಕು; ಮಾರಾಟದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದನ್ನು ತೋರಿಸದಿದ್ದರೆ ಆಗದ ಮಾರಾಟವೂ ಲೆಕ್ಕದಲ್ಲಿ ಉಳಿದುಬಿಡುತ್ತದೆ.

ಸೀರೆ ಹಿಂದೆ ಬರುವುದೇ ಇನ್ನೊಂದು ಅಧ್ಯಾಯ. ನಮ್ಮದೇ ಸೀರೆಯಾದರೂ ಭಾರತದ ಕಸ್ಟಮ್ಸ್‌ಗೆ ಅದು ಆಮದು. 2017ರ ಜೂನ್ 30ರ 45ನೆಯ ಅಧಿಸೂಚನೆಯ ಪ್ರಕಾರ, ಮೂರು ವರ್ಷಗಳೊಳಗೆ ಮರಳಿದ ಸರಕಿಗೆ ಸುಂಕದ ರಿಯಾಯಿತಿ ಇದೆ. ಎಲ್‌ಯುಟಿ ಮೇಲೆ ಕಳುಹಿಸಿದ್ದರೆ ಅಂದು ಕಟ್ಟದೆ ಉಳಿದ ಐಜಿಎಸ್‌ಟಿ (ಆಮದು, ರಫ್ತಿಗೆ ಅನ್ವಯಿಸುವ ಜಿಎಸ್‌ಟಿ) ಕಟ್ಟಬೇಕು. 4,500 ರೂಪಾಯಿಯ ಸೀರೆಗೆ ಅದು 225 ರೂಪಾಯಿ ಮಾತ್ರ, ಆದರೆ ಹೋದದ್ದೂ ಬಂದದ್ದೂ ಒಂದೇ ಸೀರೆ ಎಂದು ಇನ್‌ವಾಯ್ಸ್ ಮತ್ತು ರಫ್ತು ಬಿಲ್ಲು ಹಿಡಿದು ತೋರಿಸುವುದಕ್ಕೆ ನನಗೆ ಐದು ವಾರ ಹಿಡಿಯಿತು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಬಂಧುಗಳು, ಹಿಂದೆ ಬಂದ ಸೀರೆಗಳನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಮುಂದಿನ ಗ್ರಾಹಕರಿಗೆ ಕಳುಹಿಸುತ್ತೇವೆಂದರು. ಆಸೆ ಹುಟ್ಟಿಸುವ ಸಲಹೆ. ಆದರೆ ಒಂದು ರಾಜ್ಯದಲ್ಲಿ ದಾಸ್ತಾನು ಇಟ್ಟರೆ ಅಲ್ಲಿ ವ್ಯಾಪಾರದ ನೆಲೆ ಇದೆಯೆಂದೇ ಅರ್ಥ, ಆಗ ಡಾಲರಿನ ಮಿತಿ ನಮ್ಮನ್ನು ಕಾಯುವುದಿಲ್ಲ. ಹಾಗಾಗಿ ಒಪ್ಪಲಿಲ್ಲ.

ಪರಿಚಯದವರಿಗೆ ವಾಟ್ಸಾಪ್‌ನಲ್ಲಿ ಮಾರಿ, ಪಾರ್ಸೆಲ್ ಮೇಲೆ ಉಡುಗೊರೆ ಎಂದು ಬರೆಯುವ ಮೂರನೆಯ ದಾರಿಯನ್ನೂ ಹಲವರು ಹೇಳಿದರು. ಅದು ಸುಳ್ಳು ಘೋಷಣೆ. ಸೀರೆ ಹಿಂದೆ ಬಂದ ದಿನ ರಫ್ತು ಬಿಲ್ಲೂ ಇರುವುದಿಲ್ಲ, ಕ್ರೆಡಿಟ್ ನೋಟಿಗೆ ಇನ್‌ವಾಯ್ಸೂ ಇರುವುದಿಲ್ಲ.

2025ರ ಆಗಸ್ಟ್ 29ರಂದು ಅಮೆರಿಕವು 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು ನಿಲ್ಲಿಸಿದ ಮೇಲೆ ಸ್ವಂತ ತಾಣದ ಲೆಕ್ಕ ಇನ್ನಷ್ಟು ಬಿಗಿಯಾಯಿತು. ನಮ್ಮ ಅಂಚೆಯವರು ಅಲ್ಲಿಗೆ ಕೆಲವು ವಾರ ಪಾರ್ಸೆಲ್ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಸುಂಕವನ್ನು ಮುಂಗಡವಾಗಿ ಪಡೆದು ಮತ್ತೆ ಆರಂಭಿಸಿದರು. ಹೀಗೆ ಕಟ್ಟಿ ಕಳುಹಿಸಿದ ಒಂದು ಸೀರೆಯನ್ನು ಗ್ರಾಹಕಿ ಬೇಡವೆಂದಾಗ ಬೆಲೆಯನ್ನು ಹಿಂದಿರುಗಿಸಿದೆ, ಕಟ್ಟಿದ ಸುಂಕ ಮಾತ್ರ ನನಗೆ ಮರಳಲಿಲ್ಲ.

ಈಗ ಬ್ರಿಟನ್ ಮತ್ತು ಯುರೋಪಿನ ಮಾರಾಟವನ್ನು ಪೂರ್ತಿಯಾಗಿ ಮಾರುಕಟ್ಟೆ ತಾಣಕ್ಕೆ ಬಿಟ್ಟಿದ್ದೇನೆ. ಅಲ್ಲಿ ಕಾರಣ ಹೇಳದೆಯೂ 14 ದಿನಗಳೊಳಗೆ ಖರೀದಿ ರದ್ದುಮಾಡುವ ಹಕ್ಕು ಗ್ರಾಹಕರಿಗೆ ಕಾನೂನಿನಿಂದಲೇ ಇದ್ದು, ಸೀರೆಯ ಬೆಲೆಯೊಂದಿಗೆ ಸಾಮಾನ್ಯ ಸಾಗಣೆ ವೆಚ್ಚವನ್ನೂ ಹಿಂದಿರುಗಿಸಬೇಕಾದ್ದರಿಂದ, ಆ ವೆಚ್ಚವನ್ನು ಬೆಲೆಯಲ್ಲಿಯೇ ಅಂದಾಜಿಸಿ ಸೇರಿಸುತ್ತೇನೆ. ಅಮೆರಿಕದ ಗ್ರಾಹಕರಿಗೆ ಸ್ವಂತ ತಾಣ. ಸುಂಕ ಬೇರೆ ಸಾಲಿನಲ್ಲಿ, ಅದು ವಾಪಸಾಗುವುದಿಲ್ಲವೆಂಬ ಸೂಚನೆ ಖರೀದಿಗೆ ಮೊದಲೇ. ಅಲ್ಪಸ್ವಲ್ಪ ಅಸಮಾಧಾನವಿದ್ದರೆ ಸೀರೆಯನ್ನು ತರಿಸದೆ ಬೆಲೆಯ ಒಂದು ಭಾಗವನ್ನು ಹಿಂದಿರುಗಿಸುತ್ತೇನೆ. ಎರಡೂ ತಾಣಗಳಲ್ಲಿ ಪ್ರತಿ ಸೀರೆಯ ಎರಡನೆಯ ಚಿತ್ರ ಈಗ ಆ ಕೊಂಡಿ ಸಾಲಿನದೇ, ಬೆರಳನ್ನು ಅದರ ಮೇಲಿಟ್ಟು ತೆಗೆದದ್ದು.